ನ್ಯೂಟ್ರಾನ್ ಡಿಫ್ರಾಕ್ಷನ್‌ಗೆ ಯಾವ ಮಷೀನ್ ಕೇಳೋದು: ಇಂಟೆನ್ಸಿಟಿ ಜಾಸ್ತಿ ಇರೋದಾ, ರೆಸಲ್ಯೂಷನ್ ಚೆನ್ನಾಗಿರೋದಾ?

ನ್ಯೂಟ್ರಾನ್ ಡಿಫ್ರಾಕ್ಷನ್ ಅಂದ್ರೆ ಸ್ಯಾಂಪಲ್‌ಗೆ ನ್ಯೂಟ್ರಾನ್ ಬೀಮ್ ಹೊಡೆದು, ಯಾವ್ಯಾವ ಆಂಗಲಲ್ಲಿ ಪೀಕ್ ಬರತ್ತೆ ಅಂತ ನೋಡಿ ಒಳಗಿನ ಪರಮಾಣುಗಳ ಜೋಡಣೆ ಕಂಡುಹಿಡಿಯೋದು. ಪೌಡರ್ ಸ್ಯಾಂಪಲ್ ರೆಡಿ ಇದೆ, ಬೀಮ್‌ಟೈಮ್ (ಮಷೀನ್ ಬಳಸೋ ಸಮಯ) ಕೇಳೋಕೆ ಪ್ರಪೋಸಲ್ ಬರೀಬೇಕು, ಯಾವ ಇನ್‌ಸ್ಟ್ರುಮೆಂಟ್ ಕೇಳೋದು ಅನ್ನೋ ಜಾಗಕ್ಕೆ ಬಂದಾಗ ತುಂಬಾ ಜನ ಲಿಸ್ಟಲ್ಲಿ ಯಾವ್ದರ ರೆಸಲ್ಯೂಷನ್ (ಹತ್ತಿರದ ಪೀಕ್‌ಗಳನ್ನ ಬಿಡಿಸಿ ತೋರಿಸೋ ಶಕ್ತಿ, ಪೀಕ್ ತೆಳ್ಳಗಿದ್ದಷ್ಟೂ ಒಳ್ಳೇದು) ಎಲ್ಲಕ್ಕಿಂತ ಚೆನ್ನಾಗಿದ್ಯೋ ಅದನ್ನೇ ಟಿಕ್ ಮಾಡಿಬಿಡ್ತಾರೆ. ಸಿಂಕ್ರೊಟ್ರಾನ್ ಎಕ್ಸ್-ರೇ ಮಾಡಿ ಅಭ್ಯಾಸ ಇರೋವ್ರಿಗೆ ಇದು ಸಹಜಾನೇ, ಅಲ್ಲಿ ಫೋಟಾನ್‌ಗೆ ಬರ ಇಲ್ಲ, ಸ್ವಲ್ಪ ಬೀಮ್ ಕಳ್ಕೊಂಡ್ರೂ ನಡೆಯತ್ತೆ. ನ್ಯೂಟ್ರಾನಲ್ಲಿ ಬರ ಇರೋದೇ ನ್ಯೂಟ್ರಾನ್‌ಗೆ. ರೆಸಲ್ಯೂಷನ್ ಬೇಕು ಅಂದ್ರೆ ಇಂಟೆನ್ಸಿಟಿ ಕೊಟ್ಟು ಕೊಂಡ್ಕೋಬೇಕು, ಅದೂ ಒಂದಕ್ಕೆ ಒಂದು ಅನ್ನೋ ರೇಟಲ್ಲಿ ಸಿಗಲ್ಲ, ಎಷ್ಟೋ ಪಟ್ಟು ಜಾಸ್ತಿ ಕೊಡ್ಬೇಕು. ಹಾಗಾಗಿ ಎಷ್ಟು ರೆಸಲ್ಯೂಷನ್ ಅನ್ನೋದಕ್ಕೂ ಮುಂಚೆ ಯಾವ ಆಂಗಲಲ್ಲಿ, ಯಾವ ಡಿ-ಸ್ಪೇಸಿಂಗಲ್ಲಿ (ಕ್ರಿಸ್ಟಲ್‌ನ ಪರಮಾಣು ಪದರಗಳ ನಡುವಿನ ದೂರ) ಬೇಕು ಅಂತ ತೀರ್ಮಾನ ಮಾಡ್ಕೊಳ್ಳಿ. ಅಲ್ಲಿ ಬಿಗಿ ಮಾಡಿ, ಮಿಕ್ಕಿದ್ದೆಲ್ಲಾ ಸಡಿಲ ಬಿಡಿ. ಹೇಗೆ ಅಂತ ಲೆಕ್ಕ ಸಮೇತ ನೋಡೋಣ.

ಮೊದಲು ರಿಯಾಕ್ಟರ್ ಕಡೆ, ಅಂದ್ರೆ ಒಂದೇ ವೇವ್‌ಲೆಂಗ್ತ್ ಇಟ್ಕೊಂಡು ಆಂಗಲ್ ಸ್ಕ್ಯಾನ್ ಮಾಡೋ ಮಷೀನ್‌ಗಳು

ಇವಕ್ಕೆಲ್ಲಾ ತಳಹದಿ 1958ರಲ್ಲಿ ಕಾಲಿಯೋಟಿ, ಪಾವ್ಲೆಟ್ಟಿ, ರಿಚ್ಚಿ ಮೂವರೂ ಸೇರಿ ಕೊಟ್ಟ ಲೆಕ್ಕ. ರೀಟ್‌ವೆಲ್ಡ್ ರಿಫೈನ್‌ಮೆಂಟ್ (ಸ್ಟ್ರಕ್ಚರ್ ಮಾಡೆಲನ್ನ ಪೂರ್ತಿ ಪ್ಯಾಟರ್ನ್‌ಗೆ ಫಿಟ್ ಮಾಡೋದು) ಮಾಡಿದವ್ರಿಗೆ ಯು, ವಿ, ಡಬ್ಲ್ಯೂ ಗೊತ್ತೇ ಇರತ್ತೆ, ಪೀಕ್ ಅಗಲದ ವರ್ಗ ಅಂದ್ರೆ ಯು ಗುಣಿಸು ಟ್ಯಾನ್ ತೀಟಾ ವರ್ಗ, ಪ್ಲಸ್ ವಿ ಗುಣಿಸು ಟ್ಯಾನ್ ತೀಟಾ, ಪ್ಲಸ್ ಡಬ್ಲ್ಯೂ (ಟೂ-ತೀಟಾ ಅಂದ್ರೆ ಸ್ಯಾಂಪಲಲ್ಲಿ ಬೀಮ್ ತಿರುಗೋ ಆಂಗಲ್, ತೀಟಾ ಅದರ ಅರ್ಧ). ಸಾಫ್ಟ್‌ವೇರಲ್ಲಿ ಇವು ಬರೀ ಫಿಟ್ ಮಾಡೋ ನಂಬರ್ ಥರ ಕಾಣತ್ತೆ, ಆದ್ರೆ ಅದರ ಹಿಂದೆ ನಾಲ್ಕೇ ನಾಲ್ಕು ವಸ್ತು ಇದೆ: ಸೋರ್ಸ್ ಮತ್ತೆ ಮೊನೊಕ್ರೊಮೇಟರ್ (ಒಂದೇ ವೇವ್‌ಲೆಂಗ್ತ್ ಆರಿಸೋ ಕ್ರಿಸ್ಟಲ್) ನಡುವಿನ ಕೊಲಿಮೇಟರ್ (ಬೀಮ್ ಹರಡೋದಕ್ಕೆ ಮಿತಿ ಹಾಕೋ ಸಾಧನ, ಅದು ಬಿಡೋ ಹರಡುವಿಕೆಯ ಆಂಗಲ್ಲೇ ಆಲ್ಫಾ-1), ಮೊನೊಕ್ರೊಮೇಟರ್ ಮತ್ತೆ ಸ್ಯಾಂಪಲ್ ನಡುವಿಂದು (ಆಲ್ಫಾ-2), ಸ್ಯಾಂಪಲ್ ಮತ್ತೆ ಡಿಟೆಕ್ಟರ್ ನಡುವಿಂದು (ಆಲ್ಫಾ-3), ಆಮೇಲೆ ಮೊನೊಕ್ರೊಮೇಟರ್ ಕ್ರಿಸ್ಟಲ್‌ನ ಮೊಸಾಯಿಕ್, ಅಂದ್ರೆ ಅದರೊಳಗಿನ ಚಿಕ್ಕ ತುಂಡುಗಳು ಒಂದಕ್ಕೊಂದು ಎಷ್ಟು ಓರೆಯಾಗಿವೆ ಅನ್ನೋದು (ಬೀಟಾ). ಇದರ ಜೊತೆಗೆ ಟೇಕ್-ಆಫ್ ಆಂಗಲ್, ಅಂದ್ರೆ ಮೊನೊಕ್ರೊಮೇಟರ್ ಬೀಮನ್ನ ಎಷ್ಟು ತಿರುಗಿಸತ್ತೆ ಅನ್ನೋದು.

ಇಂಟೆನ್ಸಿಟಿಗೂ ಒಂದು ಲೆಕ್ಕ ಇದೆ, ಮೂರು ಆಲ್ಫಾ ಮತ್ತೆ ಬೀಟಾನ ಗುಣಿಸಿ, ಆಲ್ಫಾ-1 ವರ್ಗ, ಆಲ್ಫಾ-2 ವರ್ಗ, ಬೀಟಾ ವರ್ಗದ ನಾಲ್ಕರಷ್ಟು, ಇವು ಮೂರನ್ನೂ ಕೂಡಿಸಿ ಅದರ ವರ್ಗಮೂಲದಿಂದ ಭಾಗಿಸಿದ್ರೆ ಬರತ್ತೆ. ಇದನ್ನಿಟ್ಕೊಂಡು ಆಟ ಆಡಿ ನೋಡಿ. ನಾಲ್ಕನ್ನೂ ಅರ್ಧ ಮಾಡಿದ್ರೆ ಪೀಕ್ ಅಗಲ ಅರ್ಧ ಆಗತ್ತೆ, ಇಂಟೆನ್ಸಿಟಿ ಎಂಟನೇ ಒಂದು ಭಾಗಕ್ಕೆ ಇಳಿಯತ್ತೆ. ಒಂದು ಗಂಟೆಯ ಡೇಟಾಗೆ ಎಂಟು ಗಂಟೆ ಅಂದಂಗೆ. ಅದೇ ಆಲ್ಫಾ-1 ಮತ್ತೆ ಆಲ್ಫಾ-3 ಮಾತ್ರ ಅರ್ಧ ಮಾಡಿ, ಆಲ್ಫಾ-2ನ ಪೂರ್ತಿ ತೆರೆದುಬಿಟ್ಟು, ಮೊಸಾಯಿಕ್‌ನೂ ಹಾಗೇ ಬಿಟ್ರೆ? ಇಂಟೆನ್ಸಿಟಿ ನಾಲ್ಕನೇ ಒಂದು ಭಾಗ ಆಗತ್ತೆ ಅಷ್ಟೇ, ಆದ್ರೂ ಫೋಕಸಿಂಗ್ ಆಂಗಲ್ ಹತ್ರ (ಸ್ಯಾಂಪಲ್‌ನ ಟೂ-ತೀಟಾ ಮತ್ತೆ ಟೇಕ್-ಆಫ್ ಆಂಗಲ್ ಸಮ ಆಗೋ ಜಾಗ) ಅಗಲ ಅರ್ಧಾನೇ ಆಗತ್ತೆ. ಯಾಕಂದ್ರೆ ಆಲ್ಫಾ-2 ತೆರೆದಿದ್ದಾಗ ಆ ಜಾಗದಲ್ಲಿ ಅಗಲ ಅಂದ್ರೆ ಆಲ್ಫಾ-1 ವರ್ಗ ಪ್ಲಸ್ ಆಲ್ಫಾ-3 ವರ್ಗದ ವರ್ಗಮೂಲ, ಮೊಸಾಯಿಕ್ ಅಲ್ಲಿ ಲೆಕ್ಕಕ್ಕೇ ಬರಲ್ಲ! ಈ ಫೀಲ್ಡಲ್ಲಿ ಬಿಟ್ಟಿಯಾಗಿ ಸಿಗೋದು ಏನಾದ್ರೂ ಇದ್ರೆ ಇದೊಂದೇ ಅನ್ಸತ್ತೆ ನಂಗೆ.

ನಂಬರ್ ಹಾಕಿ ನೋಡೋಣ. ಆಲ್ಫಾ-1, ಆಲ್ಫಾ-3 ಎರಡೂ 10 ಆರ್ಕ್‌ಮಿನಿಟ್ (60 ಆದ್ರೆ ಒಂದು ಡಿಗ್ರಿ), ಮೊಸಾಯಿಕ್ 20 ಆರ್ಕ್‌ಮಿನಿಟ್. ಆಲ್ಫಾ-2ನೂ 10 ಇಟ್ರೆ ಫೋಕಸಿಂಗ್ ಜಾಗದಲ್ಲಿ ಅಗಲ 13.9 ಆರ್ಕ್‌ಮಿನಿಟ್ ಬರತ್ತೆ, ಪೂರ್ತಿ ತೆರೆದ್ರೆ 14.1. ವ್ಯತ್ಯಾಸ ಕಣ್ಣಿಗೇ ಕಾಣಲ್ಲ, ಎರಡೂ ಹೆಚ್ಚುಕಮ್ಮಿ 0.23 ಡಿಗ್ರಿ. ಇಂಟೆನ್ಸಿಟಿ ಮಾತ್ರ ತೆರೆದಾಗ ನಾಲ್ಕು ಪಟ್ಟಿಗಿಂತ ಜಾಸ್ತಿ. (ನಿಜವಾಗಿ ಪೂರ್ತಿ ತೆರೆಯೋಕಾಗಲ್ಲ, ಮೊನೊಕ್ರೊಮೇಟರ್ ಅಗಲ ಮತ್ತೆ ಸ್ಯಾಂಪಲ್ ಸೈಜೇ ಒಂದು ಮಿತಿ ಹಾಕತ್ತೆ, ಆದ್ರೂ ದಿಕ್ಕು ಇದೇ.) ಹಾಗಾದ್ರೆ ಎಲ್ಲರೂ ಯಾಕೆ ತೆರೆದಿಡಲ್ಲ ಅಂತ ಕೇಳ್ಬಹುದು, ಅದಕ್ಕೆ ಉತ್ತರ ಲೋ ಆಂಗಲಲ್ಲಿದೆ. ಟೂ-ತೀಟಾ ಸೊನ್ನೆ ಕಡೆ ಹೋಗ್ತಾ ಅಗಲ ಅಂದ್ರೆ ಡಬ್ಲ್ಯೂದ ವರ್ಗಮೂಲ ಮಾತ್ರ ಉಳಿಯತ್ತೆ, ಅಲ್ಲಿ ಆಲ್ಫಾ-2 10 ಇದ್ದಾಗ 0.23 ಡಿಗ್ರಿ, ತೆರೆದಾಗ 0.7 ಡಿಗ್ರಿ! ಮೂರು ಪಟ್ಟು ಹಾಳು. ನಿಮ್ಮ ಮುಖ್ಯವಾದ ಪೀಕ್‌ಗಳು ಹೈ ಆಂಗಲಲ್ಲಿದ್ರೆ ಆಲ್ಫಾ-2 ತೆರೆಯೋದು ಲಾಭ, ಮ್ಯಾಗ್ನೆಟಿಕ್ ಪೀಕ್ ಥರ ಲೋ ಆಂಗಲಲ್ಲಿದ್ರೆ ಅದೇ ಸೆಟಿಂಗ್ ನಷ್ಟ.

ಇದೇ ಕಾರಣಕ್ಕೆ ಟೇಕ್-ಆಫ್ ಆಂಗಲ್ ಮುಖ್ಯ. ವೇವ್‌ಲೆಂಗ್ತ್ ಬ್ಯಾಂಡ್‌ನ ಅಗಲ ಟೇಕ್-ಆಫ್‌ನ ಅರ್ಧ ಆಂಗಲ್‌ನ ಕೊಟ್ಯಾಂಜೆಂಟ್‌ಗೆ ಅನುಗುಣವಾಗಿ ಇರತ್ತೆ, 45 ಡಿಗ್ರಿ ಟೇಕ್-ಆಫ್‌ಗೆ ಅದು 2.41, 120ಕ್ಕೆ 0.58, 135ಕ್ಕೆ 0.41. ಚಿಕ್ಕ ಟೇಕ್-ಆಫ್ ಅಂದ್ರೆ ಅಗಲವಾದ ಬ್ಯಾಂಡ್, ಜಾಸ್ತಿ ನ್ಯೂಟ್ರಾನ್, ಆದ್ರೆ ಫೋಕಸಿಂಗ್ ಜಾಗಾನೂ ಲೋ ಆಂಗಲಲ್ಲೇ ಮುಗಿದುಹೋಗತ್ತೆ. ಮೇಲಿನ ಅದೇ ನಂಬರ್‌ಗಳನ್ನ 45 ಡಿಗ್ರಿ ಟೇಕ್-ಆಫ್‌ಗೆ ಹಾಕಿ ಟೂ-ತೀಟಾ 120ರಲ್ಲಿ ನೋಡಿದ್ರೆ ಆಲ್ಫಾ-2 10 ಇದ್ರೂ 0.9 ಡಿಗ್ರಿ ಹತ್ರ ಬರತ್ತೆ, ತೆರೆದ್ರೆ ಸುಮಾರು 2.5 ಡಿಗ್ರಿ, ಅದನ್ನ ಪೀಕ್ ಅನ್ನೋಕೂ ಆಗಲ್ಲ ಬಿಡಿ.

ಡಿ2ಬಿ ಥರದ್ದಾ, ಡಿ20 ಥರದ್ದಾ

ಫ್ರಾನ್ಸ್‌ನ ಗ್ರೆನೋಬಲ್‌ನಲ್ಲಿರೋ ಐಎಲ್‌ಎಲ್ ಅನ್ನೋ ನ್ಯೂಟ್ರಾನ್ ಸಂಶೋಧನಾ ಕೇಂದ್ರದಲ್ಲಿ ಈ ಎರಡೂ ಜಾತಿ ಒಂದೇ ರಿಯಾಕ್ಟರ್‌ಗೆ ಅಂಟ್ಕೊಂಡಿರೋದ್ರಿಂದ ಹೋಲಿಸೋಕೆ ಸುಲಭ. ಡಿ2ಬಿ ಹೈ ರೆಸಲ್ಯೂಷನ್ ಮಷೀನ್, ಟೇಕ್-ಆಫ್ 135 ಡಿಗ್ರಿ, ಜರ್ಮೇನಿಯಂ ಮೊನೊಕ್ರೊಮೇಟರ್, ಸಾಮಾನ್ಯವಾಗಿ ವೇವ್‌ಲೆಂಗ್ತ್ 1.594 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದ್ರೆ ಮೀಟರ್‌ನ ಸಾವಿರ ಕೋಟಿಯಲ್ಲಿ ಒಂದು ಭಾಗ). ಡಿಟೆಕ್ಟರ್ ಮುಂದೆ 5 ಆರ್ಕ್‌ಮಿನಿಟ್‌ನ 128 ಕೊಲಿಮೇಟರ್ 1.25 ಡಿಗ್ರಿಗೊಂದರಂತೆ ಕೂತಿದೆ, ಪೂರ್ತಿ ಪ್ಯಾಟರ್ನ್ ಬೇಕು ಅಂದ್ರೆ ಆ ಇಡೀ ಬ್ಯಾಂಕನ್ನ ಸಣ್ಣ ಸಣ್ಣ ಸ್ಟೆಪ್ ಸರಿಸ್ತಾ ಹೋಗ್ಬೇಕು. ಇಷ್ಟು ಬಿಗಿ ಮಾಡಿ ಕಳ್ಕೊಂಡ ಇಂಟೆನ್ಸಿಟಿನ ವಾಪಸ್ ತರೋಕೆ ಅವ್ರು ಮಾಡಿರೋ ಉಪಾಯ ಲಂಬ ದಿಕ್ಕಲ್ಲಿ: ಮೊನೊಕ್ರೊಮೇಟರ್ 300 ಮಿಲಿಮೀಟರ್ ಎತ್ತರ, ಬಾಗಿಸಿ ಸ್ಯಾಂಪಲ್ ಮೇಲೆ ಫೋಕಸ್ ಮಾಡತ್ತೆ. ಡಿಫ್ರಾಕ್ಷನ್ ಅಡ್ಡ ಪ್ಲೇನಲ್ಲಿ ಆಗೋದ್ರಿಂದ ಮೇಲೆ ಕೆಳಗಿನ ಹರಡುವಿಕೆ ರೆಸಲ್ಯೂಷನ್‌ಗೆ ಅಷ್ಟಾಗಿ ತೊಂದರೆ ಕೊಡಲ್ಲ, 90 ಡಿಗ್ರಿ ಆಸುಪಾಸಲ್ಲಂತೂ ಡಿಬೈ-ಷೆರರ್ ಕೋನ್‌ಗಳು (ಪುಡಿಯಿಂದ ಚದುರಿದ ಬೀಮ್ ಮಾಡೋ ಶಂಕುಗಳು) ಹೆಚ್ಚುಕಮ್ಮಿ ಚಪ್ಪಟೆ ಇರೋದ್ರಿಂದ ಏನೂ ಗೊತ್ತಾಗಲ್ಲ. ತುಂಬಾ ಲೋ ಆಂಗಲಲ್ಲಿ ಮಾತ್ರ ಪೀಕ್ ಒಂದು ಕಡೆ ಬಾಲ ಬಿಟ್ಕೊಂಡು ಅಸಿಮೆಟ್ರಿ ಬರತ್ತೆ. ಜರ್ಮನಿಯ ಎಫ್‌ಆರ್‌ಎಂ-2ನಲ್ಲಿರೋ ಸ್ಪೋಡಿ ಇನ್ನೂ ಮುಂದೆ ಹೋಗಿ 155 ಡಿಗ್ರಿ ಟೇಕ್-ಆಫ್ ಇಟ್ಕೊಂಡಿದೆ, ಆಸ್ಟ್ರೇಲಿಯಾದ ಎಕಿಡ್ನಾ ಕೂಡಾ ಇದೇ ಕುಲ.

ಡಿ20 ಇದಕ್ಕೆ ಉಲ್ಟಾ. ತಾಮ್ರದ ಮೊನೊಕ್ರೊಮೇಟರಲ್ಲಿ 42 ಡಿಗ್ರಿ ಟೇಕ್-ಆಫ್, 1.3 ಆಂಗ್‌ಸ್ಟ್ರಾಮ್, ಇಲ್ಲಾಂದ್ರೆ ಗ್ರಾಫೈಟಲ್ಲಿ 2.4 ಆಂಗ್‌ಸ್ಟ್ರಾಮ್. ಡಿಟೆಕ್ಟರ್ ಒಂದೇ ಸಲಕ್ಕೆ 153.6 ಡಿಗ್ರಿ ನೋಡತ್ತೆ, ಏನನ್ನೂ ಸರಿಸೋದು ಬೇಡ, ಸೆಕೆಂಡ್‌ಗಟ್ಟಲೆ ಅಳತೆಯಲ್ಲಿ ಪ್ಯಾಟರ್ನ್ ಬರ್ತಾ ಇರತ್ತೆ. ಟೈಟಾನಿಯಂ, ಸಿಲಿಕಾನ್, ಕಾರ್ಬನ್ ಪುಡಿ ತಾನಾಗೇ ಹೊತ್ಕೊಂಡು ಟೈಟಾನಿಯಂ ಸಿಲಿಕಾನ್ ಕಾರ್ಬೈಡ್ ಆಗೋ ರಿಯಾಕ್ಷನನ್ನ ಒಂದು ಸೆಕೆಂಡ್‌ಗಿಂತ ಕಮ್ಮಿ ಟೈಮ್ ಸ್ಲೈಸಲ್ಲಿ ಹಿಡಿದಿರೋದು ಇದರಲ್ಲೇ. ಆಸ್ಟ್ರೇಲಿಯಾದಲ್ಲಿ ಎಕಿಡ್ನಾಗೆ ಜೋಡಿಯಾಗಿರೋ ವೊಂಬ್ಯಾಟ್ ಇದೇ ಥರ. ಇನ್ನೊಂದು ವಿಷ್ಯ, ಡಿ20ನಲ್ಲೂ ಜರ್ಮೇನಿಯಂ ಹಾಕಿ ಟೇಕ್-ಆಫ್ ಆಂಗಲನ್ನ 120 ಡಿಗ್ರಿವರೆಗೂ ಏರಿಸ್ಬಹುದು, ಆಗ ಅದು ಮಧ್ಯಮ ವರ್ಗದ ಹೈ ರೆಸಲ್ಯೂಷನ್ ಮಷೀನ್ ಆಗತ್ತೆ. ಅರ್ಧಕ್ಕರ್ಧ ಕೆಲಸಗಳಿಗೆ ಇದೇ ಸಾಕು ಅಂತ ನನ್ನ ಅನಿಸಿಕೆ, ಆದ್ರೆ ಪ್ರಪೋಸಲಲ್ಲಿ ಈ ಆಪ್ಷನ್ ಕೇಳೋವ್ರು ಕಮ್ಮಿ.

ಸ್ಯಾಂಪಲ್ ಕ್ಯಾನ್ ಬಗ್ಗೆ ಯಾರೂ ಯೋಚ್ನೆ ಮಾಡಲ್ಲ, ಇಲ್ಲೇ ದೊಡ್ಡ ವ್ಯತ್ಯಾಸ ಇರೋದು. ಡಿ2ಬಿ ಥರ ಡಿಟೆಕ್ಟರ್ ಮುಂದೆ ಕೊಲಿಮೇಟರ್ ಇದ್ರೆ ಆಲ್ಫಾ-3ನ ಅದೇ ತೀರ್ಮಾನ ಮಾಡತ್ತೆ, ಸ್ಯಾಂಪಲ್ ದಪ್ಪ ಇದ್ರೂ ಪೀಕ್ ಅಗಲ ಆಗಲ್ಲ. ಡಿ20 ಥರ ತೆರೆದ ಡಿಟೆಕ್ಟರಲ್ಲಿ ಸ್ಯಾಂಪಲ್‌ನ ವ್ಯಾಸವನ್ನ ಡಿಟೆಕ್ಟರ್ ದೂರದಿಂದ ಭಾಗಿಸಿದ್ರೆ ಬರೋದೇ ಆಲ್ಫಾ-3. ದೂರ ಸುಮಾರು 1.47 ಮೀಟರ್, ಅಂದ್ರೆ 8 ಮಿಲಿಮೀಟರ್ ಕ್ಯಾನ್‌ಗೆ 0.31 ಡಿಗ್ರಿ, 5 ಮಿಲಿಮೀಟರ್‌ಗೆ 0.2 ಡಿಗ್ರಿ. ಪುಡಿ ಎರಡೂವರೆ ಪಟ್ಟು ಜಾಸ್ತಿ ಹಿಡಿಯತ್ತೆ ಅಂತ ದೊಡ್ಡ ವನೇಡಿಯಂ ಕ್ಯಾನ್ ತಗೊಂಡ್ರೆ ಮೊನೊಕ್ರೊಮೇಟರ್ ಎಷ್ಟು ಚೆನ್ನಾಗಿದ್ರೂ ರೆಸಲ್ಯೂಷನ್ ಅಲ್ಲೇ ಸತ್ತುಹೋಗತ್ತೆ.

ಮೊನೊಕ್ರೊಮೇಟರ್ ಆಯ್ಕೆ ಬಗ್ಗೆ ಒಂದೇ ಮಾತು. ಜರ್ಮೇನಿಯಂನ 311, 511 ಥರದ (ಇವು ಪದರಗಳ ಗುರುತಿನ ಸಂಖ್ಯೆ) ಪ್ಲೇನ್‌ಗಳಲ್ಲಿ ಸೆಕೆಂಡ್ ಆರ್ಡರ್ (ಅರ್ಧ ವೇವ್‌ಲೆಂಗ್ತ್‌ನ ಪ್ರತಿಫಲನ) ನಿಷಿದ್ಧ, ಅರ್ಧ ವೇವ್‌ಲೆಂಗ್ತ್ ಕಾಟ ಇರಲ್ಲ. ಗ್ರಾಫೈಟ್ ಬೀಮ್ ಸಕತ್ತಾಗಿ ಕೊಡತ್ತೆ ಆದ್ರೆ ಫಿಲ್ಟರ್ ಬೇಕೇ ಬೇಕು, ಇಲ್ಲಾಂದ್ರೆ ಅರ್ಧ ವೇವ್‌ಲೆಂಗ್ತ್‌ನ ಪೀಕನ್ನೇ ಸೂಪರ್‌ಸ್ಟ್ರಕ್ಚರ್ ಪೀಕ್ (ಇನ್ನೂ ದೊಡ್ಡ ಘಟಕ ಮರುಕಳಿಸ್ತಿದೆ ಅಂತ ತೋರಿಸೋ ಪೀಕ್) ಅಂದ್ಕೊಂಡು ಪೇಪರ್ ಬರೆಯೋ ಅಪಾಯ ಇದೆ.

ಟೈಮ್-ಆಫ್-ಫ್ಲೈಟ್: ಇಲ್ಲಿ ಬೆಲೆ ಕಟ್ಟೋದು ಉದ್ದದಲ್ಲಿ

ಸ್ಪಾಲೇಷನ್ ಸೋರ್ಸಲ್ಲಿ (ಭಾರದ ಲೋಹಕ್ಕೆ ಪ್ರೋಟಾನ್ ಹೊಡೆದು ನ್ಯೂಟ್ರಾನ್ ಎಬ್ಬಿಸೋ ಕಡೆ) ಮೊನೊಕ್ರೊಮೇಟರ್ ಇಲ್ಲ, ಪಲ್ಸ್ ಬರತ್ತೆ, ನಿಧಾನದ ನ್ಯೂಟ್ರಾನ್ ತಡವಾಗಿ ಮುಟ್ಟತ್ತೆ, ತಲುಪಿದ ಟೈಮಿಂದ ವೇವ್‌ಲೆಂಗ್ತ್ ಗೊತ್ತಾಗತ್ತೆ. 1 ಆಂಗ್‌ಸ್ಟ್ರಾಮ್ ನ್ಯೂಟ್ರಾನ್ ಸೆಕೆಂಡ್‌ಗೆ 3956 ಮೀಟರ್ ಓಡತ್ತೆ. ಪಲ್ಸ್‌ನ ಅಗಲ ಉದಾಹರಣೆಗೆ 15 ಮೈಕ್ರೊಸೆಕೆಂಡ್ ಅಂತಿಟ್ಕೊಳ್ಳಿ, 15 ಮೀಟರ್ ದಾರಿಯಲ್ಲಿ ಆ ನ್ಯೂಟ್ರಾನ್‌ಗೆ ಹಿಡಿಯೋದು 3.8 ಮಿಲಿಸೆಕೆಂಡ್, ಅಂದ್ರೆ ಟೈಮ್‌ನ ತಪ್ಪು 0.4 ಪರ್ಸೆಂಟ್. ದಾರಿ 100 ಮೀಟರ್ ಮಾಡಿ, 25 ಮಿಲಿಸೆಕೆಂಡ್, ತಪ್ಪು 0.06 ಪರ್ಸೆಂಟ್. ಇಂಗ್ಲೆಂಡಿನ ಐಸಿಸ್ ನ್ಯೂಟ್ರಾನ್ ಕೇಂದ್ರದಲ್ಲಿರೋ ಎಚ್‌ಆರ್‌ಪಿಡಿ ಮಾಡೋದು ಇದನ್ನೇ, ಸುಮಾರು 100 ಮೀಟರ್ ಉದ್ದ, ಬ್ಯಾಕ್‌ಸ್ಕ್ಯಾಟರಿಂಗಲ್ಲಿ (ಬೀಮ್ ಹೆಚ್ಚುಕಮ್ಮಿ ಹಿಂದಕ್ಕೇ ತಿರುಗೋ ಆಂಗಲ್) ಡೆಲ್ಟಾ-ಡಿ ಬೈ ಡಿ (ಡಿ-ಸ್ಪೇಸಿಂಗಲ್ಲಿ ಮಸುಕು ಎಷ್ಟು ಪಾಲು ಅನ್ನೋದು) 0.05 ಪರ್ಸೆಂಟ್ ಆಸುಪಾಸು. ಜಪಾನಿನ ಜೆ-ಪಾರ್ಕ್‌ನಲ್ಲಿರೋ ಸೂಪರ್ ಎಚ್‌ಆರ್‌ಪಿಡಿ ಇನ್ನೂ ಚೂಪು, 0.035 ಪರ್ಸೆಂಟ್ ಹತ್ರ.

ಇಲ್ಲಿ ಕಳ್ಕೊಳ್ಳೋದು ಏನು ಅಂದ್ರೆ ಬ್ಯಾಂಡ್‌ವಿಡ್ತ್. ದಾರಿ ಉದ್ದ ಆದಷ್ಟೂ ಮುಂದಿನ ಪಲ್ಸ್‌ನ ಫಾಸ್ಟ್ ನ್ಯೂಟ್ರಾನ್‌ಗಳು ಹಿಂದಿನ ಪಲ್ಸ್‌ನ ಸೋಮಾರಿಗಳನ್ನ ಹಿಡಿದುಬಿಡತ್ತೆ. 3956ನ್ನ ಉದ್ದದಿಂದಲೂ ಪಲ್ಸ್ ಫ್ರೀಕ್ವೆನ್ಸಿಯಿಂದಲೂ ಭಾಗಿಸಿ, ಅಷ್ಟು ಆಂಗ್‌ಸ್ಟ್ರಾಮ್ ಬ್ಯಾಂಡ್ ನಿಮ್ದು. 100 ಮೀಟರ್, 50 ಹರ್ಟ್ಜ್ ಅಂದ್ರೆ 0.8 ಆಂಗ್‌ಸ್ಟ್ರಾಮ್ ಕೂಡಾ ಇಲ್ಲ, ಉಪಯೋಗಕ್ಕೆ ಬರಲ್ಲ, ಅದಕ್ಕೆ ಚಾಪರ್ (ಬೀಮನ್ನ ತಡೆದು ತಡೆದು ಬಿಡೋ ತಿರುಗೋ ಚಕ್ರ) ಹಾಕಿ ಐದರಲ್ಲಿ ನಾಲ್ಕು ಪಲ್ಸ್ ಎಸೀಬೇಕು, ಆಗ 4 ಆಂಗ್‌ಸ್ಟ್ರಾಮ್ ಹತ್ರ ಸಿಗತ್ತೆ. ಪಲ್ಸ್ ಎಸೆಯೋದು ಅಂದ್ರೆ ನ್ಯೂಟ್ರಾನ್ ಎಸೆಯೋದೇ ತಾನೇ. ಅದೇ ಐಸಿಸ್‌ನ ಪೊಲಾರಿಸ್, ಜೆಮ್ ಥರದವು 20 ಮೀಟರ್‌ಗಿಂತ ಕಮ್ಮಿ ದೂರದಲ್ಲಿ ಕೂತು ಸುತ್ತಲೂ ಡಿಟೆಕ್ಟರ್ ಕಟ್ಕೊಂಡು ಇಂಟೆನ್ಸಿಟಿ ಬಾಚ್ಕೊಳ್ಳತ್ತೆ.

ಮಾಡರೇಟರ್ (ವೇಗದ ನ್ಯೂಟ್ರಾನನ್ನ ನಿಧಾನ ಮಾಡೋ ವಸ್ತು) ಇನ್ನೊಂದು ಕಡೆ ಎಳೆಯತ್ತೆ. ಕಪಲ್ಡ್ (ಸುತ್ತಲಿನ ರಿಫ್ಲೆಕ್ಟರಿಂದ ನಿಧಾನದ ನ್ಯೂಟ್ರಾನ್ ಒಳಗೆ ಬರೋಕೆ ಬಿಡೋ) ಮಾಡರೇಟರ್ ಜಾಸ್ತಿ ನ್ಯೂಟ್ರಾನ್ ಕೊಡತ್ತೆ ಆದ್ರೆ ಪಲ್ಸ್‌ಗೆ ಉದ್ದ ಬಾಲ ಇರತ್ತೆ, ಡಿಕಪಲ್ ಮಾಡಿ ಒಳಗೆ ಗ್ಯಾಡೊಲಿನಿಯಂ ಥರದ ಪಾಯ್ಸನ್ (ನ್ಯೂಟ್ರಾನ್ ಹೀರೋ ವಸ್ತು) ಹಾಕಿದ್ರೆ ಪಲ್ಸ್ ಚೂಪಾಗತ್ತೆ, ಇಂಟೆನ್ಸಿಟಿ ಬೀಳತ್ತೆ. ಇದನ್ನ ಯೂಸರ್ ಬದಲಾಯಿಸೋಕಾಗಲ್ಲ, ಮಷೀನ್ ಆರಿಸೋವಾಗ್ಲೇ ಮುಗಿದ ಕಥೆ. ಸ್ವೀಡನ್‌ನ ಇಎಸ್‌ಎಸ್ ಇದಕ್ಕೆ ಬೇರೆ ದಾರಿ ಹಿಡಿದಿದೆ, ಪಲ್ಸ್ 2.86 ಮಿಲಿಸೆಕೆಂಡ್ ಉದ್ದ, ಸೆಕೆಂಡ್‌ಗೆ 14, ಹಾಗೇ ಬಳಸಿದ್ರೆ ಪೌಡರ್ ಡಿಫ್ರಾಕ್ಷನ್‌ಗೆ ತೀರಾ ಒರಟು. ಅದಕ್ಕೆ ಅಲ್ಲಿನ ಡ್ರೀಮ್ ಅನ್ನೋ ಇನ್‌ಸ್ಟ್ರುಮೆಂಟ್‌ಗೆ ಪಲ್ಸ್-ಶೇಪಿಂಗ್ ಚಾಪರ್ ಇಟ್ಟಿದ್ದಾರೆ, ಎಷ್ಟು ಅಗಲ ಪಲ್ಸ್ ಬೇಕೋ ಅಷ್ಟೇ ಕತ್ತರಿಸ್ಕೋಬಹುದು. ಇಂಟೆನ್ಸಿಟಿ, ರೆಸಲ್ಯೂಷನ್ ನಡುವೆ ಒಂದು ನಾಬ್ ಇಟ್ಟು ಯೂಸರ್ ಕೈಗೆ ಕೊಟ್ಟಂಗೆ, ಐಡಿಯಾ ನಂಗಂತೂ ತುಂಬಾ ಇಷ್ಟ.

ಆಂಗಲ್ ಮರೀಬೇಡಿ. ಟೈಮ್-ಆಫ್-ಫ್ಲೈಟಲ್ಲಿ ಆಂಗಲ್‌ನ ಅನಿಶ್ಚಿತತೆ ಕಾಟ್ ತೀಟಾದಿಂದ ಗುಣಿಸಿ ಬರತ್ತೆ. ತೀಟಾ 0.2 ಡಿಗ್ರಿ ಮಸುಕಾಗಿದ್ರೆ ಟೂ-ತೀಟಾ 168 ಡಿಗ್ರಿಯ ಡಿಟೆಕ್ಟರ್ ಬ್ಯಾಂಕಲ್ಲಿ ಅದರ ಪಾಲು 0.04 ಪರ್ಸೆಂಟ್, 90 ಡಿಗ್ರಿ ಬ್ಯಾಂಕಲ್ಲಿ 0.35, 30 ಡಿಗ್ರಿ ಬ್ಯಾಂಕಲ್ಲಿ 1.3. ಬ್ರೋಶರಲ್ಲಿ ದೊಡ್ಡದಾಗಿ ಬರೆದಿರೋ ರೆಸಲ್ಯೂಷನ್ ಬ್ಯಾಕ್‌ಸ್ಕ್ಯಾಟರಿಂಗ್ ಬ್ಯಾಂಕ್‌ದು, ಉದ್ದ ಡಿ-ಸ್ಪೇಸಿಂಗ್ ಇರೋ ಪೀಕ್‌ಗಳು ಆ ಬ್ಯಾಂಕಲ್ಲಿ ಬರೋದೇ ಇಲ್ಲ, ಲೋ ಆಂಗಲ್ ಬ್ಯಾಂಕಲ್ಲಿ ಬರತ್ತೆ. ಐಸಿಸ್‌ನ ವಿಶ್ ಇದನ್ನ ಬೇರೆ ಥರ ಬಗೆಹರಿಸಿದೆ: 40 ಮೀಟರ್, 10 ಹರ್ಟ್ಜ್, ಸಾಲಿಡ್ ಮೀಥೇನ್ ಮಾಡರೇಟರ್, ಒಂದೇ ಫ್ರೇಮಲ್ಲಿ 10 ಆಂಗ್‌ಸ್ಟ್ರಾಮ್ ಹತ್ರ ಬ್ಯಾಂಡ್, ಹಾಗಾಗಿ ಉದ್ದ ಡಿ-ಸ್ಪೇಸಿಂಗನ್ನ ಹೈ ಆಂಗಲ್ ಬ್ಯಾಂಕಲ್ಲೇ ನೋಡ್ಬಹುದು.

ಹಾಗಾದ್ರೆ ಯಾವ ಕೆಲಸಕ್ಕೆ ಯಾವ್ದು

ಸಿಮೆಟ್ರಿ ಸ್ವಲ್ಪವೇ ಮುರಿದಿರೋ ಪೆರೊವ್‌ಸ್ಕೈಟ್ (ಒಂದು ಬಗೆಯ ಕ್ರಿಸ್ಟಲ್ ರಚನೆ), ಒಂದು ಪೀಕ್ ಎರಡಾಗಿದ್ಯಾ ಇಲ್ವಾ ಅನ್ನೋದೇ ಪ್ರಶ್ನೆ ಅಂದ್ರೆ ಯೋಚ್ನೇನೇ ಬೇಡ, ಎಚ್‌ಆರ್‌ಪಿಡಿ ಅಥವಾ ಡಿ2ಬಿ, ಸ್ಪೋಡಿ. ದೊಡ್ಡ ಸೆಲ್ (ಕ್ರಿಸ್ಟಲಲ್ಲಿ ಮತ್ತೆ ಮತ್ತೆ ಬರೋ ಘಟಕ) ಇದೆ ಅನ್ನೋ ಒಂದೇ ಕಾರಣಕ್ಕೆ ಅಲ್ಲಿಗೆ ಓಡ್ಬೇಡಿ ಮಾತ್ರ. 1000 ಘನ ಆಂಗ್‌ಸ್ಟ್ರಾಮ್‌ನ ಪ್ರಿಮಿಟಿವ್ ಮೊನೊಕ್ಲಿನಿಕ್ ಸೆಲ್‌ಗೆ 1 ಆಂಗ್‌ಸ್ಟ್ರಾಮ್ ಡಿ-ಸ್ಪೇಸಿಂಗ್‌ವರೆಗೆ ಸುಮಾರು ಒಂದು ಸಾವಿರ ಬೇರೆ ಬೇರೆ ಪೀಕ್ ಇರತ್ತೆ, ಡಿ2ಬಿ ವೇವ್‌ಲೆಂಗ್ತಲ್ಲಿ ಆ ತುದಿ ಬರೋದು 106 ಡಿಗ್ರಿ ಹತ್ರ, ಅಲ್ಲಿ ಒಂದೊಂದು ಡಿಗ್ರಿಯೊಳಗೆ 20 ಪೀಕ್ ತುಂಬ್ಕೊಂಡಿರತ್ತೆ. 0.1 ಡಿಗ್ರಿ ಅಗಲದ ಪೀಕಲ್ಲಿ ಅದನ್ನ ಬಿಡಿಸೋಕೆ ಸಾಧ್ಯಾನೇ ಇಲ್ಲ. ಅಂಥ ಕಡೆ ಉಪಯೋಗಕ್ಕೆ ಬರೋದು ಮಧ್ಯದ ರೇಂಜಲ್ಲಿ ಸಿಗೋ ಒಳ್ಳೆ ಕೌಂಟಿಂಗ್ ಸ್ಟ್ಯಾಟಿಸ್ಟಿಕ್ಸು ಮತ್ತೆ ಎಕ್ಸ್-ರೇ ಜೊತೆ ಸೇರಿಸಿ ರಿಫೈನ್ ಮಾಡೋದು.

ನ್ಯಾನೊ ಸ್ಯಾಂಪಲ್ ಇರೋವ್ರಿಗೆ ನೇರವಾಗೇ ಹೇಳ್ತೀನಿ, ಹೈ ರೆಸಲ್ಯೂಷನ್ ಕೇಳಿದ್ರೆ ದುಡ್ಡು ನೀರಿಗೆ ಹಾಕಿದಂಗೆ. 20 ನ್ಯಾನೊಮೀಟರ್ ಕಣ, 1.6 ಆಂಗ್‌ಸ್ಟ್ರಾಮ್, ಟೂ-ತೀಟಾ 90ರಲ್ಲಿ ಷೆರರ್ ಅಗಲವೇ (ಕಣ ಚಿಕ್ಕದಾಗಿರೋದ್ರಿಂದ ಪೀಕ್‌ಗೆ ಬರೋ ಅಗಲ) 0.58 ಡಿಗ್ರಿ ಬರತ್ತೆ. ಮಷೀನ್‌ದು 0.12 ಆದ್ರೆ ಒಟ್ಟು 0.59, ಮಷೀನ್‌ದು 0.25 ಆದ್ರೆ 0.63. ಈ ಚೂರು ವ್ಯತ್ಯಾಸಕ್ಕೋಸ್ಕರ ನಾಲ್ಕು ಪಟ್ಟು ಟೈಮ್ ಯಾಕೆ ಕೊಡ್ಬೇಕು ಹೇಳಿ?

ಮ್ಯಾಗ್ನೆಟಿಕ್ ಸ್ಟ್ರಕ್ಚರ್‌ಗೆ ಪೀಕ್‌ಗಳು ದೊಡ್ಡ ಡಿ-ಸ್ಪೇಸಿಂಗಲ್ಲೇ ಇರೋದು, ಫಾರ್ಮ್ ಫ್ಯಾಕ್ಟರ್ (ಮ್ಯಾಗ್ನೆಟಿಕ್ ಸ್ಕ್ಯಾಟರಿಂಗ್‌ನ ಬಲ) ಹೈ ಆಂಗಲಲ್ಲಿ ಬೀಳೋದ್ರಿಂದ ಅಲ್ಲಿ ಹುಡುಕಿ ಪ್ರಯೋಜನ ಇಲ್ಲ. 2.4 ಆಂಗ್‌ಸ್ಟ್ರಾಮ್, ಕಮ್ಮಿ ಬ್ಯಾಕ್‌ಗ್ರೌಂಡ್, ಜಾಸ್ತಿ ಇಂಟೆನ್ಸಿಟಿ, ಅಂದ್ರೆ ಡಿ20, ವೊಂಬ್ಯಾಟ್, ಇಲ್ಲಾ ವಿಶ್. ಮ್ಯಾಗ್ನೆಟಿಕ್ ಮೊಮೆಂಟ್ ಚಿಕ್ಕದಿದ್ರೆ ಬ್ಯಾಕ್‌ಗ್ರೌಂಡೇ ನಿಜವಾದ ಶತ್ರು, ಕ್ರಯೊಸ್ಟಾಟ್‌ನ (ಸ್ಯಾಂಪಲ್ ತಣ್ಣಗಿಡೋ ಪಾತ್ರೆ) ಅಲ್ಯೂಮಿನಿಯಂ ಪೀಕ್ ತಡೆಯೋಕೆ ರೇಡಿಯಲ್ ಕೊಲಿಮೇಟರ್ ಇದ್ಯಾ ಅಂತ ಕೇಳಿ. ಹೈಡ್ರೊಜನ್ ಇರೋ ಸ್ಯಾಂಪಲ್‌ಗೂ ಇದೇ ಮಾತು: ಅದರ ಇನ್‌ಕೊಹಿರೆಂಟ್ ಸ್ಕ್ಯಾಟರಿಂಗ್ (ಪೀಕ್ ಕೊಡದೆ ಬರೀ ಬ್ಯಾಕ್‌ಗ್ರೌಂಡ್ ಆಗೋದು) 80 ಬಾರ್ನ್, ಯಾವ ಕೊಲಿಮೇಟರೂ ಅದನ್ನ ತಡೆಯಲ್ಲ, ಡ್ಯುಟೀರಿಯಂ ಹಾಕಿ ಮಾಡೋದೇ ದಾರಿ. ಪೇರ್ ಡಿಸ್ಟ್ರಿಬ್ಯೂಷನ್ ಫಂಕ್ಷನ್ (ಪರಮಾಣು ಜೋಡಿಗಳ ನಡುವಿನ ದೂರಗಳ ಹಂಚಿಕೆ) ಬೇಕಾದ್ರೆ ಆಟವೇ ಬೇರೆ, ಅಲ್ಲಿ ದೊಡ್ಡ ಕ್ಯೂ (ಆಂಗಲ್, ವೇವ್‌ಲೆಂಗ್ತ್ ಎರಡನ್ನೂ ಸೇರಿಸಿದ ಅಳತೆ) ಮುಖ್ಯ, 1.594 ಆಂಗ್‌ಸ್ಟ್ರಾಮಲ್ಲಿ ಏನೇ ಮಾಡಿದ್ರೂ ಕ್ಯೂ 8 ದಾಟಲ್ಲ, ಹಾಗಾಗಿ ಅಮೆರಿಕದ ನೊಮ್ಯಾಡ್, ಜೆಮ್, ಇಲ್ಲಾ 0.5 ಆಂಗ್‌ಸ್ಟ್ರಾಮ್‌ನ ಡಿ4.

ಸ್ಟ್ರೆಸ್ ಅಳೆಯೋ ಎಂಜಿನಿಯರ್‌ಗಳ ಕಥೆ ಸ್ವಾರಸ್ಯವಾಗಿದೆ. ಅವ್ರಿಗೆ ಬೇಕಿರೋದು ಒಂದೇ ಪೀಕ್, ಅದರ ಸೆಂಟರ್ ಎಲ್ಲಿದೆ ಅನ್ನೋದು. ಸೆಂಟರ್‌ನ ತಪ್ಪಿನ ವರ್ಗ, ಅಗಲದ ವರ್ಗವನ್ನ ಕೌಂಟ್‌ನಿಂದ ಭಾಗಿಸಿದಷ್ಟು, ಹಾಗಾಗಿ ಅಗಲ ಅರ್ಧ ಮಾಡಿ ಇಂಟೆನ್ಸಿಟಿ ನಾಲ್ಕನೇ ಒಂದಾದ್ರೆ ಲಾಭಾನೂ ಇಲ್ಲ ನಷ್ಟಾನೂ ಇಲ್ಲ, ಎಂಟನೇ ಒಂದಾದ್ರೆ ಶುದ್ಧ ನಷ್ಟ. ದಪ್ಪ ಸ್ಟೀಲ್ ಒಳಗೆ ಬ್ಯಾಕ್‌ಗ್ರೌಂಡ್ ಜಾಸ್ತಿ ಇದ್ದಾಗ ಮಾತ್ರ ತೆಳ್ಳಗಿನ ಪೀಕ್ ಗೆಲ್ಲತ್ತೆ. ಕಬ್ಬಿಣದ 211 ಪೀಕ್ 1.65 ಆಂಗ್‌ಸ್ಟ್ರಾಮಲ್ಲಿ ಸರಿಯಾಗಿ 90 ಡಿಗ್ರಿ ಹತ್ರ ಬರತ್ತೆ, ಗೇಜ್ ವಾಲ್ಯೂಮ್ (ಅಳತೆ ಆಗೋ ಚಿಕ್ಕ ಭಾಗ) ಕ್ಯೂಬ್ ಥರ ಸಿಗತ್ತೆ, ಅದಕ್ಕೇ ಈ ಮಷೀನ್‌ಗಳಲ್ಲಿ ಬಾಗಿಸಿದ ಸಿಲಿಕಾನ್ ಮೊನೊಕ್ರೊಮೇಟರ್ ಹಾಕ್ತಾರೆ, ಬಾಗು ಅಡ್ಜಸ್ಟ್ ಮಾಡಿ ಆ ಒಂದು ಆಂಗಲ್ ಸುತ್ತ ಮಾತ್ರ ರೆಸಲ್ಯೂಷನ್ ಚೂಪು ಮಾಡ್ಕೊಂಡು ಮಿಕ್ಕ ಕಡೆ ಏನಾದ್ರೂ ಆಗ್ಲಿ ಅಂತ ಬಿಟ್ಟುಬಿಡ್ತಾರೆ. ಪೌಡರ್ ಜನ ಇವ್ರಿಂದ ಕಲಿಯೋದು ತುಂಬಾ ಇದೆ.

ಪ್ರಪೋಸಲ್ ಕಳಿಸೋ ಮುಂಚೆ ಇನ್‌ಸ್ಟ್ರುಮೆಂಟ್ ಸೈಂಟಿಸ್ಟ್ ಹತ್ರ ರೆಸಲ್ಯೂಷನ್ ಫೈಲ್ ಕೇಳಿ ಇಸ್ಕೊಳ್ಳಿ, ಕೊಡ್ತಾರೆ. ನಿಮ್ಮ ಸ್ಟ್ರಕ್ಚರ್ ಮಾಡೆಲ್ ಹಾಕಿ ಫುಲ್‌ಪ್ರೊಫ್ ಅಥವಾ ಜಿಎಸ್‌ಎಎಸ್ ಸಾಫ್ಟ್‌ವೇರಲ್ಲಿ ಎರಡು ಮೂರು ಸೆಟಿಂಗ್‌ಗೆ ಪ್ಯಾಟರ್ನ್ ಸಿಮ್ಯುಲೇಟ್ ಮಾಡಿ, ಕೌಂಟಿಂಗ್ ನಾಯ್ಸ್ ಸೇರಿಸಿ, ವಾಪಸ್ ರಿಫೈನ್ ಮಾಡಿ ನೋಡಿ, ಸಡಿಲ ಸೆಟಿಂಗಲ್ಲೇ ನಿಮ್ಮ ಪ್ಯಾರಾಮೀಟರ್ ಬೇಕಾದಷ್ಟು ನಿಖರವಾಗಿ ಬರ್ತಾ ಇದ್ರೆ ಬಿಗಿದು ಕೇಳೋ ಅಗತ್ಯ ಇಲ್ಲ. ಟೆಂಪರೇಚರ್ ಸೀರೀಸ್ ಇದ್ರೆ ಎರಡೂ ಮಷೀನ್‌ಗೆ ಭಾಗ ಮಾಡಿ, ಒಂದೆರಡು ಟೆಂಪರೇಚರಲ್ಲಿ ಮಾತ್ರ ಹೈ ರೆಸಲ್ಯೂಷನ್ ಪ್ಯಾಟರ್ನ್ ತಗೊಂಡು ಸ್ಟ್ರಕ್ಚರ್ ಗಟ್ಟಿ ಮಾಡ್ಕೊಂಡು ನಡುವಿನ ಪಾಯಿಂಟ್‌ಗಳನ್ನೆಲ್ಲಾ ಹೈ ಇಂಟೆನ್ಸಿಟಿ ಮಷೀನಲ್ಲಿ ಹೊಡೀರಿ. ಎರಡು ಡೇಟಾನೂ ಒಟ್ಟಿಗೆ ರಿಫೈನ್ ಮಾಡೋವಾಗ ಹೈ ರೆಸಲ್ಯೂಷನ್ ಸೆಟ್‌ನ ವೇವ್‌ಲೆಂಗ್ತ್ ಫಿಕ್ಸ್ ಇಟ್ಟು ಇನ್ನೊಂದರದ್ದನ್ನ ಫ್ರೀ ಬಿಡಿ, ಎರಡನ್ನೂ ಫಿಕ್ಸ್ ಇಟ್ರೆ ಕ್ಯಾಲಿಬ್ರೇಷನ್‌ನ ಸಣ್ಣ ವ್ಯತ್ಯಾಸಕ್ಕೆ ಲ್ಯಾಟಿಸ್ ಪ್ಯಾರಾಮೀಟರ್ ಎರಡು ಕಡೆ ಎಳೆದಾಡ್ಕೊಂಡು ಎರಡು ಫಿಟ್ಟೂ ಕೆಟ್ಟುಹೋಗತ್ತೆ.